ಒಂದೇ ಊರಿನ ಎರಡು ಬರೋಲೊ, ರುಚಿ ಮಾತ್ರ ಅಜಗಜಾಂತರ. ಯಾಕೆ?

ಮಂಜಿನಗುಡ್ಡ ಕೇಳಿದ್ದು:

ಕೆಲಸದ ಮೇಲೆ ಇಟಲಿಯ ತೊರಿನೊಗೆ ಬಂದು ಎಂಟು ತಿಂಗಳಾಯಿತು. ವೈನ್ ವಿಷಯದಲ್ಲಿ ನಾನಿನ್ನೂ ಅ ಆ ಇ ಈ ಕಲಿಯುತ್ತಿದ್ದೇನೆ, ಪ್ರಶ್ನೆ ಪೆದ್ದಾಗಿ ಕಂಡರೆ ಬೈಯಬೇಡಿ.

ಹೋದ ಶನಿವಾರ ಆಲ್ಬಾದ ಒಂದು ಅಂಗಡಿಯಿಂದ ಎರಡು ಬಾಟಲಿ ಬರೋಲೊ, ಈ ಕಡೆಯ ಹೆಸರಾಂತ ಕೆಂಪು ವೈನ್, ತಂದೆ. ಎರಡೂ ಲಾ ಮೊರ್ರಾ ಊರಿನವು. ಎರಡೂ 2016ರ ಕೊಯ್ಲು. ಬೆಲೆಯೂ ಹೆಚ್ಚು ಕಡಿಮೆ ಒಂದೇ, ಐವತ್ತು ಯೂರೋ ಆಸುಪಾಸು. ದ್ರಾಕ್ಷಿಯಂತೂ ಒಂದೇ ಆಗಿರಲೇಬೇಕು, ಬರೋಲೊ ಅಂದರೆ ನೂರಕ್ಕೆ ನೂರು ನೆಬ್ಬಿಯೋಲೊ ಅಂತ ಕಾನೂನೇ ಇದೆಯಲ್ಲ. ಆದರೆ ಪಕ್ಕಪಕ್ಕದಲ್ಲಿ ಸುರಿದು ನೋಡಿದರೆ ಇವೆರಡೂ ಅಣ್ಣತಮ್ಮ ಅಂತ ಯಾರೂ ನಂಬುವುದಿಲ್ಲ. ಮೊದಲನೆಯದು ತೆಳು ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ, ಗ್ಲಾಸಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಒಣಗಿದ ಗುಲಾಬಿ ವಾಸನೆ, ಅದರ ಜೊತೆ ಈಗಷ್ಟೇ ಡಾಂಬರು ಹಾಕಿದ ರಸ್ತೆಯ ಹಾಗೆ ಏನೋ. ಬಾಯಿಗೆ ಹಾಕಿದರೆ ಒಸಡು ಹಿಡಿದುಕೊಳ್ಳುವಷ್ಟು ಒಗರು. ಎರಡನೆಯದು ಕಡುಗೆಂಪು. ವೆನಿಲ್ಲಾ, ಹುರಿದ ಕಾಫಿ ಬೀಜ, ನಯವಾಗಿ ಗಂಟಲಲ್ಲಿ ಇಳಿಯಿತು.

ಕೊಳ್ಳುವಾಗ ಅಂಗಡಿಯಾತ ಒಂದನ್ನು ತೋರಿಸಿ "ತ್ರದಿತ್ಸಿಯೊನಾಲೆ" (ಸಂಪ್ರದಾಯದ್ದು), ಇನ್ನೊಂದನ್ನು ತೋರಿಸಿ "ಮೊದೆರ್ನೊ" (ಹೊಸ ರೀತಿಯದು) ಅಂದಿದ್ದ. ನನ್ನ ಇಟಾಲಿಯನ್‌ಗೆ ಅದರ ಮುಂದಕ್ಕೆ ಹೋಗುವ ಶಕ್ತಿ ಇರಲಿಲ್ಲ, ಸುಮ್ನೆ ತಲೆಯಾಡಿಸಿ ಬಂದೆ.

ದ್ರಾಕ್ಷಿ ಒಂದೇ, ಗುಡ್ಡ ಒಂದೇ, ಕಾನೂನು ಒಂದೇ ಆದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇನ್ನೊಂದು, ಹಳೇ ರೀತಿಯದೇ ನಿಜವಾದ ಬರೋಲೊ, ಉಳಿದದ್ದೆಲ್ಲ ಅಮೆರಿಕದವರಿಗಾಗಿ ಮಾಡಿದ್ದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜ ಹೇಳಬೇಕೆಂದರೆ ನನಗೆ ಎರಡನೆಯದೇ ಇಷ್ಟವಾಯಿತು. ನನ್ನ ನಾಲಿಗೆ ಸರಿ ಇಲ್ವಾ?


ಬಳ್ಳಿಸಾಲು ಬರೆದದ್ದು:

ನಾಲಿಗೆ ಸರಿಯಾಗೇ ಇದೆ. ಡಾಂಬರು, ಗುಲಾಬಿ ಎರಡನ್ನೂ ಮೊದಲ ಸಲಕ್ಕೇ ಹಿಡಿದಿದ್ದೀರಿ, ನೆಬ್ಬಿಯೋಲೊ ಬಗ್ಗೆ ಎಲ್ಲರೂ ಹೇಳುವುದೇ ಆ ಎರಡು ವಾಸನೆ.

ನಾನು ಎರಡು ಸುಗ್ಗಿ ಲಾಂಗೆ ಗುಡ್ಡಗಳಲ್ಲಿ, ಬರೋಲೊ ಮಾಡುವ ಸೀಮೆಯಲ್ಲೇ, ದುಡಿದವನು. ಗೊಂಚಲು ಕತ್ತರಿಸಿದ್ದೂ ಆಯಿತು, ತೊಟ್ಟಿ ಒಳಗೆ ಇಳಿದು ತೊಳೆದದ್ದೂ ಆಯಿತು. ಹಾಗಾಗಿ ಕೈ ಹೊಲಸು ಮಾಡಿಕೊಂಡವನ ಲೆಕ್ಕದಲ್ಲಿ ಹೇಳುತ್ತೇನೆ. ವ್ಯತ್ಯಾಸ ಮುಖ್ಯವಾಗಿ ಎರಡು ಕಡೆ ಹುಟ್ಟುತ್ತದೆ. ರಸ ಸಿಪ್ಪೆಯ ಜೊತೆ ಎಷ್ಟು ದಿನ ಇತ್ತು ಅನ್ನುವುದು ಒಂದು, ಆಮೇಲೆ ಎಂಥ ಪೀಪಾಯಿಗೆ ಹೋಯಿತು ಅನ್ನುವುದು ಇನ್ನೊಂದು.

ದ್ರಾಕ್ಷಿ ಜಜ್ಜಿ ತೊಟ್ಟಿಗೆ ಹಾಕಿದ ಮೇಲೆ ಯೀಸ್ಟ್ ಕೆಲಸ ಶುರು ಮಾಡುತ್ತದೆ, ಗ್ಯಾಸ್ ಮೇಲೇಳುತ್ತದೆ, ಆ ಗ್ಯಾಸ್ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪನೆಯ ಮುಚ್ಚಳದ ಹಾಗೆ ಮಾಡುತ್ತದೆ. ಇಟಾಲಿಯನ್ನರು ಅದನ್ನು ಟೋಪಿ ಅನ್ನುತ್ತಾರೆ, ಕಪ್ಪೆಲ್ಲೊ. ಬಣ್ಣ, ಒಗರು, ವಾಸನೆ ಬಹುಪಾಲು ಆ ಟೋಪಿಯಲ್ಲೇ ಇರುವುದು. ಅದನ್ನು ದಿನಾ ರಸದಲ್ಲಿ ಮುಳುಗಿಸಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪ್ ಮಾಡಿ ಮೇಲೆ ಸುರಿಯಬೇಕು. ಬೆಳಗಿನ ಆರು ಗಂಟೆಗೆ ಆ ಟೋಪಿಯನ್ನು ಕೋಲಿನಿಂದ ಒತ್ತುವಾಗ ಬರುವ ಬಿಸಿ ಉಸಿರು ಮೂಗಿಗೆ ಹೊಡೆದರೆ ಕಣ್ಣಲ್ಲಿ ನೀರು ಬರುತ್ತದೆ. ಕೈ ಎರಡು ವಾರ ಕಪ್ಪಗೇ ಇರುತ್ತದೆ, ಸೋಪಿಗೆ ಹೋಗುವುದಿಲ್ಲ, ನಿಂಬೆಹಣ್ಣು ಉಜ್ಜಿದರೆ ಸ್ವಲ್ಪ ಬಿಡುತ್ತದೆ.

ಹಳೇ ಪದ್ಧತಿಯವರು ಹುದುಗು ಬರುವುದು ನಿಂತ ಮೇಲೂ ರಸವನ್ನು ಸಿಪ್ಪೆಯ ಜೊತೆಗೇ ಬಿಡುತ್ತಾರೆ. ತೊಟ್ಟಿಯ ಬಾಯಿಗೆ ಹಲಗೆ ಅಡ್ಡ ಇಟ್ಟು, ಟೋಪಿ ಮೇಲೇಳದಂತೆ ಮುಳುಗಿಸಿಟ್ಟು, ತಿಂಗಳು, ಕೆಲವರು ಎರಡು ತಿಂಗಳವರೆಗೆ. ಬಣ್ಣ ಮೊದಲ ಕೆಲವು ದಿನಗಳಲ್ಲೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಆಲ್ಕೋಹಾಲ್ ಏರಿದ ಹಾಗೆ ಬೀಜದ ಒಗರೂ ಹೊರಬರುತ್ತದೆ. ನಿಮ್ಮ ಒಸಡು ಹಿಡಿದದ್ದು ಅದೇ. ಹೊಸ ರೀತಿಯವರು ಇದನ್ನು ಹತ್ತು ದಿನಕ್ಕೆ ಇಳಿಸಿದರು. ತೊಟ್ಟಿಯನ್ನೇ ಅಡ್ಡಡ್ಡ ತಿರುಗಿಸುವ ಯಂತ್ರ ತಂದು ನಾಲ್ಕೈದು ದಿನಕ್ಕೆ ಮುಗಿಸಿದವರೂ ಇದ್ದಾರೆ. ಬಣ್ಣ ಪೂರ್ತಿ ಸಿಕ್ಕಿತು, ಬೀಜದ ಒಗರು ಹೊರಗೆ ಬರುವ ಮೊದಲೇ ರಸ ಬೇರೆ ಮಾಡಿ ಆಯಿತು.

ಇನ್ನು ಪೀಪಾಯಿ. ಹಳಬರದು ಬೊತ್ತೆ ಅನ್ನುವ ದೊಡ್ಡ ಪೀಪಾಯಿ, ಕ್ರೊಯೇಷಿಯಾದ ಸ್ಲಾವೋನಿಯಾ ಸೀಮೆಯ ಓಕ್ ಮರದ್ದು, ಎರಡು ಮೂರು ಸಾವಿರ ಲೀಟರಿನಿಂದ ಹತ್ತು ಸಾವಿರ ಲೀಟರಿನವರೆಗೆ, ಹತ್ತಾರು ವರ್ಷ ಬಳಸಿ ಬಳಸಿ ಮರದ ರುಚಿಯೆಲ್ಲ ಇಳಿದುಹೋಗಿರುತ್ತದೆ. ಹೊಸಬರದು ಬಾರೀಕ್, ಫ್ರೆಂಚ್ ಓಕ್, 225 ಲೀಟರ್, ಒಳಗೆ ಬೆಂಕಿಯಲ್ಲಿ ಸುಟ್ಟು ಬಗ್ಗಿಸಿದ್ದು. ಐದು ಸಾವಿರ ಲೀಟರಿನ ಬೊತ್ತೆಗೆ ಹೋಲಿಸಿದರೆ ಬಾರೀಕ್‌ನಲ್ಲಿ ಒಂದೊಂದು ಲೀಟರ್ ವೈನಿಗೂ ಸುಮಾರು ಮೂರು ಪಟ್ಟು ಮರ ತಾಗುತ್ತದೆ. ಗಾಳಿಯೂ ಜಾಸ್ತಿ ಸೋಕುತ್ತದೆ. ನಿಮ್ಮ ವೆನಿಲ್ಲಾ, ಕಾಫಿ ಎರಡೂ ದ್ರಾಕ್ಷಿಯವಲ್ಲ, ಆ ಸುಟ್ಟ ಮರದವು. ನೆಬ್ಬಿಯೋಲೊ ಹುಟ್ಟಾ ತೆಳು ಬಣ್ಣದ ಹಣ್ಣು. ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಅದರ ಜಾಯಮಾನ. ಹೊಸ ಮರ ಆ ಬಣ್ಣವನ್ನು ಗಟ್ಟಿ ಹಿಡಿದು ನಿಲ್ಲಿಸುತ್ತದೆ.

ಕಾನೂನಿಗೆ ಇದ್ಯಾವುದೂ ಬೇಕಾಗಿಲ್ಲ. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ ಇರಬೇಕು, ರಿಸೆರ್ವಾ ಅಂತ ಬರೆಯಬೇಕಾದರೆ ಒಟ್ಟು 62 ತಿಂಗಳು. ಪೀಪಾಯಿ ಎಷ್ಟು ದೊಡ್ಡದು, ಹೊಸದೋ ಹಳೆಯದೋ, ಸಿಪ್ಪೆ ಎಷ್ಟು ದಿನ ಇತ್ತು, ಇದೆಲ್ಲ ಮಾಡುವವನ ಇಷ್ಟ. ನಿಮ್ಮ ಎರಡು ಬಾಟಲಿಯ ಜಗಳ ಪೂರ್ತಿ ನಡೆಯುವುದು ಆ ಬಿಟ್ಟ ಜಾಗದಲ್ಲೇ.

ಈ ಜಗಳಕ್ಕೆ ನಿಮ್ಮ ಬಾಟಲಿಯ ಊರೇ, ಲಾ ಮೊರ್ರಾನೇ ಒಂದು ಮೂಲ. ಅಲ್ಲಿ ಎಲಿಯೊ ಅಲ್ತಾರೆ ಅಂತ ಒಬ್ಬ ರೈತನ ಮಗ. 1976ರಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ ನೋಡಿದ. ಅಲ್ಲಿನ ರೈತರು ಚೆನ್ನಾಗಿ ಬದುಕುತ್ತಿದ್ದಾರೆ. ತನ್ನ ಊರಿನಲ್ಲಿ ನೋಡಿದರೆ ದ್ರಾಕ್ಷಿಯನ್ನು ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಡಬೇಕು, ಗುಡ್ಡ ಬಿಟ್ಟು ತೊರಿನೊದ ಕಾರ್ಖಾನೆಗೆ ಹೋದವರೇ ಜಾಸ್ತಿ. ವಾಪಸ್ ಬಂದು ಅಪ್ಪನ ಜೊತೆ ವರ್ಷಗಟ್ಟಲೆ ವಾದ. ಕೊನೆಗೆ 1983ರಲ್ಲಿ ಮೋಟಾರ್ ಗರಗಸ ತೆಗೆದುಕೊಂಡು ಅಪ್ಪನ ಹಳೇ ಬೊತ್ತೆಗಳನ್ನು ಕತ್ತರಿಸಿ ಹಾಕಿದ. ಅಪ್ಪ ಆಸ್ತಿಯಿಂದಲೇ ಹೊರಗೆ ಹಾಕಿದರು. ಅಪ್ಪ ತೀರಿಕೊಂಡ ಮೇಲೆ ಒಡಹುಟ್ಟಿದವರಿಂದ ಅದನ್ನೇ ಕೊಂಡುಕೊಳ್ಳಬೇಕಾಯಿತು. ಅಲ್ತಾರೆ, ರೊಬೆರ್ತೊ ವೊಯೆರ್ತ್ಸಿಯೊ, ದೊಮೆನಿಕೊ ಕ್ಲೆರಿಕೊ, ಕಿಯಾರಾ ಬೊಸ್ಕಿಸ್ ಇವರೆಲ್ಲ ಸೇರಿ ಆಮೇಲೆ "ಬರೋಲೊ ಬಾಯ್ಸ್" ಅಂತ ಹೆಸರಾದರು. ಬೊಸ್ಕಿಸ್ ಹೆಣ್ಣುಮಗಳು, ಆದರೂ ಬಾಯ್ಸ್!

ಒಗರಿಗಿಂತ ದೊಡ್ಡ ಗಲಾಟೆ ಆದದ್ದು ಹೊಲದಲ್ಲಿ ಅಂತ ಹಳಬರು ಹೇಳುತ್ತಾರೆ. ಬೇಸಿಗೆಯಲ್ಲಿ ಅರ್ಧ ಗೊಂಚಲು ಹಸಿಯಾಗಿರುವಾಗಲೇ ಕತ್ತರಿಸಿ ನೆಲಕ್ಕೆ ಹಾಕುವುದು, ಉಳಿದದ್ದು ಚೆನ್ನಾಗಿ ಹಣ್ಣಾಗಲಿ ಅಂತ. ಹಸಿವು ನೋಡಿದ ಜನ ಅವರು. ನೆಲದ ಮೇಲೆ ಬಿದ್ದ ದ್ರಾಕ್ಷಿ ನೋಡಿ ಹೊಟ್ಟೆ ಉರಿಯದೆ ಇರುತ್ತದಾ?


ಹಳೇಪೀಪಾಯಿ ಬರೆದದ್ದು:

ಗರಗಸದ ಕತೆ ಎಲ್ಲರೂ ಹೇಳುತ್ತಾರೆ. ಗರಗಸ ಹಿಡಿಯದೆ ಸುಮ್ನೆ ಕೂತವರ ಕತೆ ಯಾರೂ ಹೇಳುವುದಿಲ್ಲ, ಅದನ್ನು ನಾನು ಹೇಳುತ್ತೇನೆ.

ಬರೋಲೊ ಊರಿನಲ್ಲೇ ಬಾರ್ತೊಲೊ ಮಸ್ಕರೆಲ್ಲೊ ಇದ್ದರು, 2005ರಲ್ಲಿ ತೀರಿಕೊಂಡರು. ಬೇರೆಯವರೆಲ್ಲ ಬಾರೀಕ್ ಹಿಂದೆ ಓಡುವಾಗ ಅವರು ಸಿಮೆಂಟ್ ತೊಟ್ಟಿ, ದೊಡ್ಡ ಬೊತ್ತೆ, ಬೇರೆ ಬೇರೆ ಗುಡ್ಡದ ದ್ರಾಕ್ಷಿ ಬೆರೆಸಿ ಒಂದೇ ಬರೋಲೊ, ಇಷ್ಟಕ್ಕೇ ನಿಂತರು. ಒಂದು ಗುಡ್ಡದ ಹೆಸರು ಹಾಕಿ ಎರಡು ಪಟ್ಟು ಬೆಲೆಗೆ ಮಾರಬಹುದಿತ್ತು, ಮಾಡಲಿಲ್ಲ. ವಯಸ್ಸಾಗಿ ಗಾಲಿಕುರ್ಚಿ ಹಿಡಿದ ಮೇಲೆ ಲೇಬಲ್‌ಗಳ ಮೇಲೆ ಕೈಯಲ್ಲೇ ಚಿತ್ರ ಬಿಡಿಸುತ್ತಿದ್ದರು. 1999ರ ಕೊಯ್ಲಿನ ಲೇಬಲ್ ಮೇಲೆ ಬರೆದದ್ದು "ನೋ ಬಾರೀಕ್, ನೋ ಬೆರ್ಲುಸ್ಕೋನಿ". ಒಂದೇ ಸಾಲಿನಲ್ಲಿ ಪೀಪಾಯಿಯನ್ನೂ ಪ್ರಧಾನಿಯನ್ನೂ ಬೈದ ರೈತ ಇನ್ನೆಲ್ಲಿ ಸಿಗುತ್ತಾನೆ ಹೇಳಿ. ಈಗ ಮಗಳು ಮರಿಯಾ ತೆರೇಸಾ ಅದೇ ರೀತಿ ಮಾಡುತ್ತಿದ್ದಾರೆ.

ನನ್ನ ತಕರಾರು ರುಚಿ ನಯವಾಗಿದೆ ಅಂತಲ್ಲ. ಹೊಸ ಓಕ್ ಹಾಕಿದ ವೈನ್ ಚಿಲಿಯದೂ ಹಾಗೇ ಇರುತ್ತದೆ, ಆಸ್ಟ್ರೇಲಿಯಾದ್ದೂ ಹಾಗೇ ಇರುತ್ತದೆ. ಒಗ್ಗರಣೆಯ ಇಂಗಿನ ವಾಸನೆ ಬಿಟ್ಟರೆ ಬೇರೇನೂ ಸಿಗದ ಸಾರಿನ ಹಾಗೆ. 1990ರ ದಶಕದಲ್ಲಿ ಅಮೆರಿಕದ ವಿಮರ್ಶಕರು ನೂರಕ್ಕೆ ಇಷ್ಟು ಅಂತ ಅಂಕ ಕೊಡುವುದು ಜೋರಾಗಿದ್ದ ಕಾಲದಲ್ಲಿ ಕಪ್ಪಗಿದ್ದಷ್ಟೂ ಅಂಕ ಜಾಸ್ತಿ ಬರುತ್ತಿತ್ತು. ಆಗ ಲಾಂಗೆಯಲ್ಲಿ ಮಾಡಿದ ಎಷ್ಟೋ ಬಾಟಲಿಗಳು ಇವತ್ತು ತೆಗೆದರೆ ಹಣ್ಣು ಸತ್ತುಹೋಗಿದೆ, ಮರ ಮಾತ್ರ ಉಳಿದಿದೆ. ಇದು ನಾನು ಕುಡಿದು ನೋಡಿದ ಮಾತು, ಎಲ್ಲವೂ ಹಾಗೇ ಅಂತ ಹೇಳುತ್ತಿಲ್ಲ.

ಹಾಗಂತ "ಸಂಪ್ರದಾಯ" ಅಂತ ಬೋರ್ಡ್ ಹಾಕಿದವರನ್ನೆಲ್ಲ ನಂಬಬೇಡಿ. ಹೋದ ವರ್ಷ ಒಂದು ನೆಲಮಾಳಿಗೆ ನೋಡಲು ಹೋಗಿದ್ದೆ, ಹೆಸರು ಬೇಡ. ಮುಂದಿನ ಕೋಣೆಯಲ್ಲಿ ಅಜ್ಜನ ಕಾಲದ ದೊಡ್ಡ ಬೊತ್ತೆಗಳು, ಹಳದಿ ದೀಪ, ಗೋಡೆಯ ಮೇಲೆ ಅಜ್ಜನ ಫೋಟೋ. ತೋರಿಸುವ ಹುಡುಗಿ ಐದು ನಿಮಿಷಕ್ಕೊಮ್ಮೆ ಸಂಪ್ರದಾಯ ಸಂಪ್ರದಾಯ ಅನ್ನುತ್ತಿದ್ದಳು. ನಾನು ಟಾಯ್ಲೆಟ್ ಹುಡುಕಿಕೊಂಡು ಹೋಗಿ ತಪ್ಪು ಬಾಗಿಲು ತೆಗೆದೆ. ಒಳಗೆ ಸಾಲು ಸಾಲು ಹೊಸ ಬಾರೀಕ್, ಒಂದರ ಮೇಲಿನ ಬೆಲೆ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಮುಂದಿನ ಕೋಣೆಯ ಬೊತ್ತೆ ತಟ್ಟಿ ನೋಡಿದೆ, ಟೊಳ್ಳು. ಖಾಲಿ.


ಫಿರೆಂಜೆಪಕ್ಕ ಬರೆದದ್ದು:

ಬರೋಲೊ ಅಂದ ಕೂಡಲೇ ಹಳಬರು ಒಳ್ಳೆಯವರು, ಹೊಸಬರು ದುಡ್ಡಿನವರು ಅಂತ ಕತೆ ಆಗಿಬಿಡುತ್ತದೆ. ಸ್ವಲ್ಪ ಟಸ್ಕನಿ ಕಡೆ ಬನ್ನಿ. ಅಲ್ಲಿ ಕತೆ ತಲೆಕೆಳಗು.

ಅಲ್ಲಿನ ಕೆಂಪು ವೈನ್ ಕಿಯಾಂತಿಗೆ 1967ರಲ್ಲಿ ಬಂದ ಕಾನೂನಿನ ಪ್ರಕಾರ ನೂರರಲ್ಲಿ ಹತ್ತರಿಂದ ಮೂವತ್ತು ಭಾಗ ಬಿಳಿ ದ್ರಾಕ್ಷಿ ಹಾಕಲೇಬೇಕಿತ್ತು. ಕೆಂಪು ವೈನಿಗೆ! ತ್ರೆಬ್ಬಿಯಾನೊ ಅನ್ನುವ ಬಳ್ಳಿ ಬೇಕಾದಷ್ಟು ಬಿಡುತ್ತದೆ, ರುಚಿ ನೀರು ನೀರು. ಅದನ್ನು ತುಂಬಿಸಿ ಮಾಡಿದ ಕಿಯಾಂತಿ ಹುಲ್ಲು ಸುತ್ತಿದ ಹೊಟ್ಟೆ ಬಾಟಲಿಯಲ್ಲಿ ಬಂತು. ವೈನ್ ಮುಗಿದ ಮೇಲೆ ಬಾಟಲಿ ಮೇಲೆ ಮೇಣದಬತ್ತಿ ನಿಲ್ಲಿಸುವುದಕ್ಕೆ ಚೆನ್ನಾಗಿತ್ತು, ಅಷ್ಟೇ ಅದರ ಹೆಸರು.

ಇದನ್ನು ಸಂಪ್ರದಾಯ ಅನ್ನುತ್ತಿದ್ದರು. ಯಾಕೆಂದರೆ ಬೆತ್ತಿನೊ ರಿಕಾಸೋಲಿ, ಇಟಲಿಯ ಪ್ರಧಾನಿಯೂ ಆಗಿದ್ದ ಜಮೀನ್ದಾರ, 1872ರಲ್ಲಿ ಪೀಸಾದ ಒಬ್ಬ ಪ್ರೊಫೆಸರಿಗೆ ಬರೆದ ಪತ್ರದಲ್ಲಿ ಕಿಯಾಂತಿಯ ಪಾಕ ಹೇಳಿದ್ದ. ಊರಿನ ಕೆಂಪು ದ್ರಾಕ್ಷಿ ಸಾಂಜೊವೇಸೆ ಮುಖ್ಯ, ಕನಾಯೊಲೊ ಅನ್ನುವ ಇನ್ನೊಂದು ಕೆಂಪು ದ್ರಾಕ್ಷಿ ಸ್ವಲ್ಪ ಮೆತ್ತಗಾಗಲು, ಮಲ್ವಾಸಿಯಾ ಅನ್ನುವ ಬಿಳಿ ದ್ರಾಕ್ಷಿ ಸ್ವಲ್ಪ. ಆದರೆ ಅದೇ ಪತ್ರದಲ್ಲಿ, ಬಹಳ ಕಾಲ ಇಡಬೇಕಾದ ವೈನಿಗೆ ಮಲ್ವಾಸಿಯಾ ಬಿಡಬಹುದು, ಅದು ತೆಳುವಾಗಿಸುತ್ತದೆ ಅಂತಲೂ ಇತ್ತು. ಆ ಸಾಲನ್ನು ಮಾತ್ರ ಕಾನೂನು ಮಾಡಿದವರು ಓದಲಿಲ್ಲವೋ, ಓದಿ ಮಡಿಸಿಟ್ಟರೋ. ತ್ರೆಬ್ಬಿಯಾನೊ ಹೆಸರಂತೂ ಅವನ ಪಾಕದಲ್ಲಿ ಇರಲೇ ಇಲ್ಲ.

ಆಗ ಒಳ್ಳೇದು ಮಾಡಬೇಕು ಅಂದವರಿಗೆ ಇದ್ದದ್ದು ಒಂದೇ ದಾರಿ, ಕಾನೂನಿನ ಹೊರಗೆ ಹೋಗುವುದು. ಪಿಯೆರೊ ಆಂತಿನೋರಿ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಜಾಕೊಮೊ ತಾಕಿಸ್ 1971ರಿಂದ ತಿನ್ಯಾನೆಲ್ಲೊ ಅನ್ನುವುದನ್ನು ಕಿಯಾಂತಿ ಹೆಸರಿಲ್ಲದೆ, ಬರೀ ಊಟದ ಮೇಜಿನ ವೈನ್ ಅಂತ ಲೇಬಲ್ ಹಾಕಿ ಮಾರಿದರು. ಬಾರೀಕ್‌ನಲ್ಲಿ ಇಟ್ಟರು, 1975ರ ಕೊಯ್ಲಿನ ಹೊತ್ತಿಗೆ ಬಿಳಿ ದ್ರಾಕ್ಷಿ ಪೂರ್ತಿ ಹೋಗಿ ಕಬೆರ್ನೆ ಅನ್ನುವ ಫ್ರೆಂಚ್ ಕೆಂಪು ದ್ರಾಕ್ಷಿ ಬಂದಿತ್ತು. ಆಂತಿನೋರಿ ಮನೆತನ 1385ರಿಂದ ವೈನಿನಲ್ಲಿರುವುದು, ಅದಕ್ಕಿಂತ ಹಳೇ ಸಂಪ್ರದಾಯ ಯಾರದ್ದು ಬೇಕು ನಿಮಗೆ?

ಸಮುದ್ರದ ಹತ್ತಿರ ಬೋಲ್ಗೆರಿಯಲ್ಲಿ ಮಾರಿಯೊ ಇಂಚಿಸಾ ದೆಲ್ಲಾ ರೊಕ್ಕೆತ್ತಾ 1940ರ ದಶಕದಲ್ಲೇ ಕಲ್ಲು ನೆಲದಲ್ಲಿ ಕಬೆರ್ನೆ ನೆಟ್ಟು ಮನೆಮಂದಿಗೆ ಮಾತ್ರ ವೈನ್ ಮಾಡಿಕೊಳ್ಳುತ್ತಿದ್ದರು. ಅದೇ ಸಸ್ಸಿಕಾಯಾ. 1968ರ ಕೊಯ್ಲಿನಿಂದ ಮಾರಾಟಕ್ಕೆ ಬಂತು. 1978ರಲ್ಲಿ ಲಂಡನ್ನಿನಲ್ಲಿ ಹೆಸರು ಮುಚ್ಚಿ ನಡೆಸಿದ ಕಬೆರ್ನೆ ರುಚಿ ಪರೀಕ್ಷೆಯಲ್ಲಿ 1972ರ ಸಸ್ಸಿಕಾಯಾ ಮೊದಲನೆಯದಾಯಿತು. ಆಗ ಅದು ಕಾಗದದ ಮೇಲೆ ಅಗ್ಗದ ಮೇಜಿನ ವೈನ್. ಬೋಲ್ಗೆರಿಯಲ್ಲಿ ಕೆಂಪು ವೈನಿಗೆ ಸರ್ಕಾರದ ಮುದ್ರೆ ಸಿಕ್ಕಿದ್ದು 1994ರಲ್ಲಿ.

ಆದರೆ ನನಗೆ ಇವೆರಡಕ್ಕಿಂತ ಇಷ್ಟವಾದ ಬಂಡಾಯಗಾರ ಬೇರೆ. ಕಿಯಾಂತಿಯಲ್ಲೇ ಮೊಂತೆವೆರ್ತಿನೆ ಅನ್ನುವ ತೋಟದ ಸೆರ್ಜೊ ಮನೆತ್ತಿ. ಈತ ಫ್ರೆಂಚ್ ಬಳ್ಳಿ ತರಲೇ ಇಲ್ಲ. 1977ರಲ್ಲಿ ಲೆ ಪೆರ್ಗೊಲೆ ತೊರ್ತೆ ಅಂತ ಬರೀ ಸಾಂಜೊವೇಸೆಯಿಂದ ಮಾಡಿದ. ಊರಿನ ದ್ರಾಕ್ಷಿ ಒಂದನ್ನೇ ಹಾಕಿದ್ದಕ್ಕೆ ಅದು ಊರಿನ ವೈನ್ ಅಲ್ಲ ಅಂತಾಯಿತು, ಯಾಕೆಂದರೆ ಬಿಳಿ ದ್ರಾಕ್ಷಿ ಇಲ್ಲ! 1981ರಲ್ಲಿ ಆತ ಕಿಯಾಂತಿ ಕ್ಲಾಸಿಕೊ ಸಂಘವನ್ನೇ ಬಿಟ್ಟು ಹೊರಬಂದ. ನೂರಕ್ಕೆ ನೂರು ಸಾಂಜೊವೇಸೆ ಕಿಯಾಂತಿ ಕ್ಲಾಸಿಕೊಗೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. 2006ರಿಂದ ಬಿಳಿ ದ್ರಾಕ್ಷಿ ಹಾಕುವುದೇ ನಿಷೇಧ. ಕಡ್ಡಾಯದಿಂದ ನಿಷೇಧಕ್ಕೆ ನಲವತ್ತು ವರ್ಷ ಕೂಡ ಹಿಡಿಯಲಿಲ್ಲ. ಈಗ ಹೇಳಿ, ಇದರಲ್ಲಿ ಸಂಪ್ರದಾಯದವನು ಯಾರು?


ಹಳೇಪೀಪಾಯಿ ಬರೆದದ್ದು:

ಮನೆತ್ತಿ ನಮ್ಮ ಕಡೆಯವನೇ ರೀ. ಊರ ದ್ರಾಕ್ಷಿ ನಂಬಿದವನು. ನಿಮ್ಮ ಪಕ್ಷಕ್ಕೆ ಎಳೆದುಕೊಳ್ಳಬೇಡಿ.

ಟಸ್ಕನಿಯಲ್ಲೇ ಇನ್ನೊಂದು ಕತೆ ಇದೆ, ಅದನ್ನು ಬಿಟ್ಟಿರಿ. ಬ್ರುನೆಲ್ಲೊ ದಿ ಮೊಂತಾಲ್ಚಿನೊ, ಕಾನೂನಿನ ಪ್ರಕಾರ ಬರೀ ಸಾಂಜೊವೇಸೆ. ಬಿಯೊಂದಿ ಸಾಂತಿ ಮನೆತನದವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರು ಮಾಡಿದ್ದು, ದಶಕಗಟ್ಟಲೆ ಇಡಬಹುದಾದ ವೈನ್. ಹೆಸರು ಬಂದ ಮೇಲೆ ಎಲ್ಲೆಂದರಲ್ಲಿ ಬಳ್ಳಿ ನೆಟ್ಟರು. ಸಾಂಜೊವೇಸೆ ಎಲ್ಲ ನೆಲಕ್ಕೂ ಒಗ್ಗುವುದಿಲ್ಲ, ಬಣ್ಣ ಬರಲ್ಲ. 2008ರಲ್ಲಿ ಬೇರೆ ದ್ರಾಕ್ಷಿ ಬೆರೆಸಿದ್ದಾರೆ ಅನ್ನುವ ಅನುಮಾನದ ಮೇಲೆ ತನಿಖೆ ಶುರುವಾಗಿ ಲಕ್ಷಗಟ್ಟಲೆ ಲೀಟರ್ ವೈನ್ ಮುಟ್ಟುಗೋಲಾಯಿತು. ಆಮೇಲೆ ಚಿಕ್ಕ ತಮ್ಮ ರೊಸ್ಸೊ ದಿ ಮೊಂತಾಲ್ಚಿನೊಗಾದರೂ ಬೇರೆ ದ್ರಾಕ್ಷಿ ಬಿಡೋಣ ಅಂತ 2011ರಲ್ಲಿ ಮತಕ್ಕೆ ಹಾಕಿದರು. ಬೆಳೆಗಾರರೇ ಬೇಡ ಅಂದರು, ಅದೂ ದೊಡ್ಡ ಬಹುಮತದಿಂದ. ಹಳೇದು ಉಳಿದದ್ದು ಯಾರದೋ ಹಟದಿಂದಲ್ಲ, ಓಟಿನಿಂದ.


ಫಿರೆಂಜೆಪಕ್ಕ ಬರೆದದ್ದು:

ಒಪ್ಪಿದೆ. ಬ್ರುನೆಲ್ಲೊಗೆ ಮೆರ್ಲೊ ಅನ್ನುವ ಫ್ರೆಂಚ್ ದ್ರಾಕ್ಷಿ ಬೆರೆಸಿ ಬ್ರುನೆಲ್ಲೊ ಅಂತಲೇ ಮಾರುವುದು ಹೊಸತನ ಅಲ್ಲ, ಮೋಸ. ತಿನ್ಯಾನೆಲ್ಲೊ ಲೇಬಲ್ ಮೇಲೆ ಕಿಯಾಂತಿ ಅಂತ ಬರೆದಿರಲಿಲ್ಲ, ಅಷ್ಟು ವ್ಯತ್ಯಾಸ ಇದೆಯಲ್ಲ.

ಆದರೆ "ಫ್ರೆಂಚ್ ದ್ರಾಕ್ಷಿ ಅಂದರೆ ಹೊಸದು" ಅನ್ನುವವರಿಗೆ ಒಂದು ಚಿಕ್ಕ ಮಾತು. ಫಿರೆಂಜೆ (ಫ್ಲಾರೆನ್ಸ್) ಪಕ್ಕದಲ್ಲೇ ಕಾರ್ಮಿನ್ಯಾನೊ ಅನ್ನುವ ವೈನ್ ಸೀಮೆ ಇದೆ. 1716ರಲ್ಲಿ ಮೆದಿಚಿ ದೊರೆ ಮೂರನೇ ಕೋಸಿಮೊ ಹೊರಡಿಸಿದ ಆಜ್ಞೆಯಲ್ಲಿ ಗಡಿ ಗುರುತಿಸಿದ ನಾಲ್ಕು ಸೀಮೆಗಳಲ್ಲಿ ಅದೂ ಒಂದು. ಅಲ್ಲಿ ಕಬೆರ್ನೆಯನ್ನು ರೈತರು ಊವಾ ಫ್ರಾಂಚೆಸ್ಕಾ, ಅಂದರೆ ಫ್ರೆಂಚ್ ದ್ರಾಕ್ಷಿ ಅಂತ ಎಷ್ಟೋ ತಲೆಮಾರಿನಿಂದ ಕರೆಯುತ್ತಾರೆ. 1975ರಲ್ಲಿ ಕಾನೂನು ಬಂದಾಗ ಕಬೆರ್ನೆ ಅವರ ಸಂಪ್ರದಾಯ ಅಂತಲೇ ಒಳಗೆ ಬಂತು. ಬೋಲ್ಗೆರಿಯಲ್ಲಿ ಬಂಡಾಯ ಅನ್ನಿಸಿಕೊಂಡದ್ದು ನೂರು ಕಿಲೋಮೀಟರ್ ಆಚೆ ಅಜ್ಜಿಯ ಕಾಲದ್ದು.


ಒಣದ್ರಾಕ್ಷಿ ಬರೆದದ್ದು:

ಎಲ್ಲರೂ ಮರಕ್ಕೇ ಜೋತುಬಿದ್ದಿದ್ದೀರಿ, ವೆರೋನಾ ಕಡೆ ಯಾರೂ ಬರಲಿಲ್ಲ. ವಾಲ್ಪೊಲಿಚೆಲ್ಲಾದ ಅಮರೋನೆ ವೈನ್ ನೋಡಿ. ಕೊರ್ವೀನಾ, ರೊಂದಿನೆಲ್ಲಾ ಗೊಂಚಲುಗಳನ್ನು ಕೊಯ್ದು ಬಿದಿರಿನ ತಟ್ಟೆಗಳ ಮೇಲೆ ಹರಡಿ, ಅಟ್ಟದಲ್ಲಿ ಮೂರು ನಾಲ್ಕು ತಿಂಗಳು ಒಣಗಿಸುತ್ತಾರೆ. ತೂಕ ಮೂರನೇ ಒಂದು ಭಾಗ ಇಳಿಯುತ್ತದೆ. ಆಮೇಲೆ ಚಳಿಯಲ್ಲಿ ಹಿಂಡಿ ಹುದುಗಿಸುವುದು. ಒಣಗಿಸುವ ಪದ್ಧತಿ ಬಹಳ ಹಳೇದು, ಆದರೆ ಆಗ ಅದರಿಂದ ಮಾಡುತ್ತಿದ್ದದ್ದು ರೆಚೊತೊ ಅನ್ನುವ ಸಿಹಿ ವೈನ್. ಸಕ್ಕರೆ ಪೂರ್ತಿ ಕರಗಿಹೋದರೆ ಅದು ಕೆಟ್ಟಿತು ಅಂತ ಲೆಕ್ಕ. ಆ ಕೆಟ್ಟದ್ದೇ ಅಮರೋನೆ. ಹೆಸರಿನಲ್ಲೇ ಕಹಿ ಇದೆ. ಅದಕ್ಕೊಂದು ಹೆಸರು, ಮಾರುಕಟ್ಟೆ ಎಲ್ಲ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಇವತ್ತು ಪ್ರವಾಸಿಗರಿಗೆ ಅದೇ ಸಾವಿರ ವರ್ಷದ ಸಂಪ್ರದಾಯ!

ಅಟ್ಟದ ವಿಷಯಕ್ಕೆ ಬಂದರೆ, ಹಿಂದೆ ಕಿಟಕಿ ತೆಗೆದು ಗಾಳಿ ಬರಲಿ ಅಂತ ದೇವರ ಮೇಲೆ ಭಾರ ಹಾಕುತ್ತಿದ್ದರು. ಮಂಜು ಜಾಸ್ತಿಯಾದ ವರ್ಷ ಬೂಷ್ಟು ಹಿಡಿಯುತ್ತಿತ್ತು. ಈಗ ಫ್ಯಾನ್, ತೇವ ಅಳೆಯುವ ಮೀಟರ್, ಪ್ಲಾಸ್ಟಿಕ್ ಕ್ರೇಟು. ಬಿದಿರು ತಟ್ಟೆಗಿಂತ ಪ್ಲಾಸ್ಟಿಕ್ ತೊಳೆಯುವುದು ಸುಲಭ. ಫೋಟೋಗೆ ಮಾತ್ರ ಬಿದಿರು.

ಇನ್ನು ತ್ರೆಂತೀನೊದಲ್ಲಿ ಎಲಿಸಬೆತ್ತಾ ಫೊರದೋರಿ, ಸಿಸಿಲಿಯಲ್ಲಿ ಕೋಸ್ ಅನ್ನುವವರು ಕೆಲವು ವೈನಿಗೆ ಮರ ಬಿಟ್ಟು ಮಣ್ಣಿನ ಗುಡಾಣಕ್ಕೆ ಹೋಗಿದ್ದಾರೆ. ಇದಕ್ಕಿಂತ ಹಳೇದು ಯಾವುದೂ ಇಲ್ಲ, ಇದಕ್ಕಿಂತ ಹೊಸದೂ ಯಾವುದೂ ಇಲ್ಲ. ಆ ಗುಡಾಣ ಬರುವುದು ಸ್ಪೇನಿನಿಂದ, ಇಟಲಿಯವಲ್ಲ. ಎತ್ನಾ ಬೆಟ್ಟದ ಮೇಲೆ ಲಾವಾ ಕಲ್ಲಿನ ಹಳೇ ಪಲ್ಮೆಂತೊಗಳಿವೆ, ಕಾಲಿನಿಂದ ತುಳಿದು ರಸ ಕೆಳಗಿನ ತೊಟ್ಟಿಗೆ ಇಳಿಯುವಂಥ ಕಟ್ಟಡ. ಶುಚಿತ್ವದ ನಿಯಮಗಳಿಂದಾಗಿ ಮಾರುವ ವೈನನ್ನು ಅದರಲ್ಲಿ ಮಾಡುವ ಹಾಗಿಲ್ಲ. ನಿಜವಾದ ಸಂಪ್ರದಾಯ ಮ್ಯೂಸಿಯಂ ಆಗಿದೆ ನೋಡಿ.


ಮಂಜಿನಗುಡ್ಡ ಬರೆದದ್ದು:

ಅಬ್ಬಾ, ಒಂದು ಪ್ರಶ್ನೆಗೆ ಇಷ್ಟು! ಎಲ್ಲರಿಗೂ ಥ್ಯಾಂಕ್ಸ್. ಬಳ್ಳಿಸಾಲು ಅವರು ಹೇಳಿದ ಮೇಲೆ ಇಬ್ಬರೂ ಬೆಳೆಗಾರರ ವೆಬ್‌ಸೈಟ್‌ಗೆ ಹೋಗಿ ಆ ವೈನ್ ಬಗ್ಗೆ ಬರೆದದ್ದನ್ನು ಅನುವಾದದ ಆ್ಯಪ್ ಹಿಡಿದು ಓದಿದೆ. ಈಗ ಮತ್ತೆ ತಲೆ ಕೆಟ್ಟಿದೆ.

ಅಂಗಡಿಯಾತ ಸಂಪ್ರದಾಯ ಅಂದದ್ದು: ಸ್ಟೀಲ್ ತೊಟ್ಟಿ, ಶಾಖವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಸಿಪ್ಪೆಯ ಜೊತೆ 30 ದಿನ, ಆಮೇಲೆ 2500 ಲೀಟರ್ ಬೊತ್ತೆ. ಮೊದೆರ್ನೊ ಅಂದದ್ದು: ಸಿಪ್ಪೆಯ ಜೊತೆ 15 ದಿನ, ಊರಿನದೇ ಯೀಸ್ಟ್, 500 ಲೀಟರ್ ಪೀಪಾಯಿ, ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಹೊಸದು. ಮೊದಲನೆಯದರಲ್ಲಿ ಕಂಪ್ಯೂಟರ್, ಎರಡನೆಯದರಲ್ಲಿ ಕಾಡು ಯೀಸ್ಟ್. ಇದರಲ್ಲಿ ಯಾವುದು ಹಳೇದು?


ಬಳ್ಳಿಸಾಲು ಬರೆದದ್ದು:

ಸರಿಯಾಗೇ ಓದಿದ್ದೀರಿ. ಯುದ್ಧ ಬಹುಪಾಲು ಮುಗಿದಿದೆ, ಎರಡೂ ಕಡೆಯವರು ಇನ್ನೊಬ್ಬರ ಸಾಮಾನು ಎತ್ತಿಕೊಂಡು ಹೋಗಿದ್ದಾರೆ. ಹೊಸಬರಲ್ಲಿ ಎಷ್ಟೋ ಜನ 225ರಿಂದ 500 ಲೀಟರಿಗೆ, ಅಲ್ಲಿಂದ ಬೊತ್ತೆಗೆ ವಾಪಸ್ ಬಂದಿದ್ದಾರೆ. ಹಳಬರು ಶಾಖ ನೋಡಿಕೊಳ್ಳುವುದು, ಪೀಪಾಯಿ ಶುಚಿಯಾಗಿಡುವುದು, ಗೊಂಚಲು ಕಡಿಮೆ ಮಾಡುವುದು ಎಲ್ಲ ಕಲಿತರು. ಹಳೇ ಕಾಲದ ವೈನ್ ಎಲ್ಲವೂ ಅಮೃತ ಆಗಿರಲಿಲ್ಲ. ಕೊಳಕು ಬೊತ್ತೆಯಲ್ಲಿ ಇಟ್ಟು ವಿನೆಗರ್ ಅಂಚಿಗೆ ಹೋದದ್ದೂ ಬೇಕಾದಷ್ಟು ಇತ್ತು. 1986ರಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತ ಮೇಲೆ ಇಡೀ ದೇಶದ ವೈನ್ ಮೇಲೆ ನಂಬಿಕೆ ಹೋಗಿತ್ತು. ಶುಚಿತ್ವ, ಲೆಕ್ಕ, ಬಾಟಲಿ ಮೇಲೆ ಮಾಡಿದವನ ಹೆಸರು, ಇದೆಲ್ಲ ಬಿಗಿಯಾದದ್ದು ಆಮೇಲೆ. ಅದಕ್ಕೆ ಹಳಬರು ಹೊಸಬರು ಅಂತ ಭೇದ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ, ಬಿಸಿಲು. ನೆಬ್ಬಿಯೋಲೊ ತಡವಾಗಿ ಹಣ್ಣಾಗುವ ಜಾತಿ, ಅಕ್ಟೋಬರಿನ ಮಂಜು ಬೀಳುವವರೆಗೂ ಬಳ್ಳಿಯಲ್ಲೇ ಇರುತ್ತದೆ. ಹಿಂದೆ ಹತ್ತು ವರ್ಷದಲ್ಲಿ ಮೂರು ವರ್ಷ ಪೂರ್ತಿ ಹಣ್ಣಾದರೆ ಪುಣ್ಯ ಅಂತ ನನಗೆ ಕೆಲಸ ಕೊಟ್ಟ ಮುದುಕರು ಹೇಳುತ್ತಿದ್ದರು. ಅರೆಹಣ್ಣಿನ ಒಗರನ್ನು ಮೆತ್ತಗೆ ಮಾಡುವುದಕ್ಕೆ ವರ್ಷಗಟ್ಟಲೆ ಬೊತ್ತೆಯಲ್ಲಿ ಇಡಬೇಕಿತ್ತು. ಇಲ್ಲದಿದ್ದರೆ ಬಾರೀಕ್ ಬೇಕಿತ್ತು. ಈಗ ಬಿಸಿಲು ಜಾಸ್ತಿ, ಹೆಚ್ಚು ಕಡಿಮೆ ಪ್ರತಿ ವರ್ಷ ಹಣ್ಣಾಗುತ್ತದೆ, ಆಲ್ಕೋಹಾಲ್ ಹದಿನಾಲ್ಕೂವರೆ ದಾಟುತ್ತದೆ. ಹಿಂದೆ ಬೆಲೆಯೇ ಇಲ್ಲದ ತಂಪು ಇಳಿಜಾರುಗಳನ್ನು ಈಗ ಹುಡುಕಿಕೊಂಡು ಹೋಗುತ್ತಿದ್ದಾರೆ. ಜಗಳ ಆಡಿದ ಎರಡೂ ಉಪಾಯ ಹುಟ್ಟಿದ್ದು ಹಣ್ಣಾಗದ ದ್ರಾಕ್ಷಿಗೆ. ಆ ದ್ರಾಕ್ಷಿಯೇ ಈಗ ಬರುವುದು ಅಪರೂಪ.

ನಿಮಗೆ ಎರಡನೆಯದು ಇಷ್ಟವಾದದ್ದಕ್ಕೆ ಒಂದು ಕಾರಣ ಹೊತ್ತು ಕೂಡ ಇರಬಹುದು. 2016 ಗಟ್ಟಿ ವರ್ಷ, ಬೊತ್ತೆಯ ವೈನ್ ಇನ್ನೂ ಮುಚ್ಚಿಕೊಂಡೇ ಕೂತಿರುತ್ತದೆ. ಬೆಳಿಗ್ಗೆ ಕಾರ್ಕ್ ತೆಗೆದು, ಅಗಲ ಬಾಯಿಯ ಪಾತ್ರೆಗೆ ಸುರಿದಿಟ್ಟು, ರಾತ್ರಿ ಊಟಕ್ಕೆ ಕುಡಿದು ನೋಡಿ. ಮೊದಲನೇ ಬಾಟಲಿಯಲ್ಲಿ ಏನಾದರೂ ಉಳಿದಿದ್ದರೆ ಮರುದಿನ ಮುಟ್ಟಿ ನೋಡಿದಿರಾ?


ಮಂಜಿನಗುಡ್ಡ ಬರೆದದ್ದು:

ಉಳಿದಿತ್ತು, ಅರ್ಧಕ್ಕಿಂತ ಜಾಸ್ತಿ. ಒಗರು ಅಂತ ಪಕ್ಕಕ್ಕೆ ಇಟ್ಟಿದ್ದೆ. ಭಾನುವಾರ ರೂಮ್‌ಮೇಟ್ ಅದನ್ನು ಮಾಂಸಕ್ಕೆ ಹಾಕಿ ಮೂರು ಗಂಟೆ ಬೇಯಿಸಿದ. ಅಡುಗೆ ಚೆನ್ನಾಗಿತ್ತು.


ಹಳೇಪೀಪಾಯಿ ಬರೆದದ್ದು:

ಐವತ್ತು ಯೂರೋ ಬರೋಲೊ ಹಾಕಿ ಬ್ರಜಾತೊ ಮಾಡಿದಿರಾ! ಪರವಾಗಿಲ್ಲ, ಲಾಂಗೆಯಲ್ಲಿ ಅದೂ ಸಂಪ್ರದಾಯವೇ.